ಗಣಕಯಂತ್ರದ ಮಾಂದ್ಯ: ನಿದಾನ ಮತ್ತು ಪರಿಹಾರ

ನೀರೆತ್ತುವ ಪಂಪು, ಹಿಟ್ಟಿನ ಗಿರಣಿ, ಟ್ರ್ಯಾಕ್ಟರು ಇವುಗಳ ಕಾಯಿಲೆಯನ್ನು ಗುರುತಿಸಬಲ್ಲ ಕುಶಲರು ಯರಗಟ್ಟಿ, ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಸೀಮೆಯಲ್ಲಿ ಊರೂರಿಗೂ ಇದ್ದಾರೆ. ಪಂಪು ನೀರನ್ನು ಕಡಿಮೆ ಎತ್ತಿದರೆ ಅವರು ಒಡನೆಯೇ ಹೊಸದನ್ನು ಕೊಳ್ಳಿರೆಂದು ಹೇಳುವುದಿಲ್ಲ. ಬಾವಿಯ ನೀರಿನ ಮಟ್ಟ, ವಿದ್ಯುತ್ತಿನ ಬಲ, ಕೊಳವೆಯ ಸೋರಿಕೆ, ಫುಟ್‌ವಾಲ್ವಿನಲ್ಲಿ ಸಿಕ್ಕಿದ ಕಸ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಿ, ದೋಷದ ಮೂಲವನ್ನು ಕಂಡುಕೊಂಡ ಬಳಿಕವೇ ಕೈಹಾಕುತ್ತಾರೆ. ಆದರೆ ಮನೆಯ ಗಣಕಯಂತ್ರದಲ್ಲಿ ಮಕ್ಕಳ ಆಟವು ಕುಂಟತೊಡಗಿದಾಗ ಇದೇ ವಿವೇಕವು ಮರೆಯಾಗಿ, "ಯಂತ್ರ ಹಳೆಯದಾಯಿತು, ಹೊಸದು ಬೇಕು" ಎಂಬ ತೀರ್ಮಾನಕ್ಕೆ ಮನೆಮಂದಿ ಬಂದುಬಿಡುತ್ತಾರೆ. ಹೊಸ ಯಂತ್ರದ ಬೆಲೆಯು ಒಕ್ಕಲುತನದ ಕುಟುಂಬಕ್ಕೆ ಒಂದು ಹಂಗಾಮಿನ ಬೀಜ, ಗೊಬ್ಬರಗಳ ಹಣವಾಗಬಹುದು. ಆದ್ದರಿಂದ ಈ ವಿಷಯವನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ.

ಆಯುರ್ವೇದದಲ್ಲಿ ರೋಗದ ಕಾರಣವನ್ನು ಅರಿಯುವುದಕ್ಕೆ ನಿದಾನವೆಂದು ಹೆಸರು. ನಿದಾನವು ಮೊದಲು, ಚಿಕಿತ್ಸೆಯು ಅನಂತರ. ನಿಧಾನವಾದ ಗಣಕಯಂತ್ರಕ್ಕೂ ಇದೇ ನಿಯಮವು ಅನ್ವಯಿಸುತ್ತದೆ.

ಮನೆಯ ಗಣಕಯಂತ್ರವು ಮಾಡುವ ಕೆಲಸಗಳಲ್ಲಿ ಆಟವೇ ಅತ್ಯಂತ ಭಾರವಾದುದು. ಪತ್ರ ಬರೆಯುವಾಗ, ಲೆಕ್ಕ ಇಡುವಾಗ ಯಂತ್ರವು ಬಹುಪಾಲು ಸಮಯ ಸುಮ್ಮನೆ ಕುಳಿತಿರುತ್ತದೆ. ಆಟದಲ್ಲಿಯಾದರೋ ಅದರ ಎಲ್ಲ ಅಂಗಗಳೂ ಏಕಕಾಲಕ್ಕೆ ದುಡಿಯಬೇಕಾಗುತ್ತದೆ. ೧೯೬೨ರಲ್ಲಿ ಅಮೇರಿಕೆಯ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ತರುಣರು ಪಿಡಿಪಿ-೧ ಎಂಬ ಯಂತ್ರಕ್ಕಾಗಿ 'ಸ್ಪೇಸ್‌ವಾರ್' ಎಂಬ ಆಟವನ್ನು ರಚಿಸಿದ ಉದ್ದೇಶಗಳಲ್ಲಿ ಆ ಯಂತ್ರದ ಶಕ್ತಿಯನ್ನು ತೋರಿಸುವುದೂ ಒಂದಾಗಿತ್ತು. ಅಂದಿನಿಂದ ಇಂದಿನವರೆಗೂ ಆಟವು ಯಂತ್ರಕ್ಕೆ ಒರೆಗಲ್ಲಾಗಿದೆ. ಇತರ ಕೆಲಸಗಳಲ್ಲಿ ಅಡಗಿರುವ ದೋಷವು ಆಟದಲ್ಲಿ ಬಯಲಾಗುತ್ತದೆ.

ಲಕ್ಷಣವನ್ನು ಹೆಸರಿಸುವುದು

ಪರದೆಯ ಮೇಲಿನ ಚಲನೆಯು ನಿಶ್ಚಲ ಚಿತ್ರಗಳ ಸರಮಾಲೆ. ಒಂದು ಸೆಕೆಂಡಿಗೆ ೬೦ ಚಿತ್ರಗಳು ಮೂಡಿದರೆ ಕಣ್ಣಿಗೆ ಆಟವು ಸರಾಗವಾಗಿ ಕಾಣುತ್ತದೆ. ಹಾಗೆ ಮೂಡಬೇಕಾದರೆ ಯಂತ್ರವು ಪ್ರತಿಯೊಂದು ಚಿತ್ರವನ್ನೂ ಸುಮಾರು ೧೬.೭ ಮಿಲಿಸೆಕೆಂಡುಗಳೊಳಗೆ ಸಿದ್ಧಪಡಿಸಬೇಕು. ಈ ಸಂಖ್ಯೆಯು ೩೦ಕ್ಕಿಂತ ಕೆಳಗಿಳಿದಾಗ ಆಟವು ಎಳೆದಂತೆ ಭಾಸವಾಗುತ್ತದೆ.

"ಆಟ ನಿಧಾನ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ರೋಗಗಳು ಅಡಗಿವೆ. ಚಲನೆಯೇ ಮಂದವಾಗಿದ್ದರೆ ಚಿತ್ರಗಳ ಸಂಖ್ಯೆ ಕಡಿಮೆಯಾಗಿದೆ ಎಂದರ್ಥ. ಸರಾಗವಾಗಿ ಓಡುತ್ತಿದ್ದು ಆಗಾಗ ಕ್ಷಣಕಾಲ ತಡವರಿಸಿದರೆ ಸ್ಮೃತಿ ಅಥವಾ ಸಂಗ್ರಹದ ಕೊರತೆಯನ್ನು ಸಂಶಯಿಸಬೇಕು. ಚಲನೆಯು ಸರಾಗವಾಗಿಯೇ ಇದ್ದು, ಒತ್ತಿದ ಗುಂಡಿಯ ಫಲವು ತಡವಾಗಿ ಕಂಡುಬಂದರೆ ಅಥವಾ ಎದುರಾಳಿಯು ಇದ್ದಲ್ಲಿಂದ ಹಠಾತ್ತನೆ ಬೇರೆಡೆಗೆ ಹಾರಿದರೆ ದೋಷವು ಅಂತರ್ಜಾಲ ಸಂಪರ್ಕದ್ದಾಗಿರುವ ಸಂಭವ ಹೆಚ್ಚು. ಮೂರನೆಯ ರೋಗಕ್ಕೆ ಮೊದಲನೆಯದರ ಔಷಧವನ್ನು ಕೊಟ್ಟು, ಅಂದರೆ ಬೆಲೆಬಾಳುವ ಗ್ರಾಫಿಕ್ಸ್ ಕಾರ್ಡನ್ನು ಕೊಂಡು, ಹಣ ಕಳೆದುಕೊಳ್ಳುವುದು ಅಪರೂಪವಲ್ಲ.

ಬಿಸಿ ಮತ್ತು ಧೂಳು

ಈ ಸೀಮೆಯು ಎರೆಭೂಮಿಯ ನಾಡು. ಬೇಸಿಗೆಯಲ್ಲಿ ಎರೆಯ ನುಣ್ಣನೆಯ ಧೂಳು ಮುಚ್ಚಿದ ಕಿಟಕಿಯ ಸಂದಿನಿಂದಲೂ ಒಳಗೆ ಬರುತ್ತದೆ. ಸುಗ್ಗಿಯಲ್ಲಿ ಜೋಳದ ಹೊಟ್ಟು, ಹತ್ತಿಯ ಎಳೆಗಳು ಅದಕ್ಕೆ ಸೇರುತ್ತವೆ. ಗಣಕಯಂತ್ರದೊಳಗಿನ ಪಂಖವು ಇವೆಲ್ಲವನ್ನೂ ಸೆಳೆದುಕೊಂಡು, ಶಾಖವನ್ನು ಹೊರಹಾಕುವ ಲೋಹದ ರೆಕ್ಕೆಗಳ ನಡುವೆ ಕಂಬಳಿಯಂತೆ ಹೊದಿಸಿಬಿಡುತ್ತದೆ.

ಪಂಖವು ಯಂತ್ರವನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ೨೨ ಡಿಗ್ರಿಯ ಕೋಣೆಯಲ್ಲಿ ೭೫ ಡಿಗ್ರಿಗೆ ನಿಲ್ಲುವ ಸಂಸ್ಕಾರಕವು, ಅದೇ ಕೆಲಸವನ್ನು ೩೮ ಡಿಗ್ರಿಯ ಕೋಣೆಯಲ್ಲಿ ಮಾಡುವಾಗ ಸುಮಾರು ೯೦ ಡಿಗ್ರಿಯನ್ನು ಮುಟ್ಟುತ್ತದೆ. ಇಂದಿನ ಬಹುತೇಕ ಸಂಸ್ಕಾರಕಗಳು ೯೫ರಿಂದ ೧೦೦ ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಬಂದಾಗ ಆತ್ಮರಕ್ಷಣೆಗಾಗಿ ತಾವೇ ತಮ್ಮ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಆಟವು ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಬಳಿಕ ಕುಂಟಿದರೆ, ಮುಂಜಾನೆ ಸರಾಗವಾಗಿದ್ದು ಮಧ್ಯಾಹ್ನ ಮಂದವಾದರೆ, ಇದೇ ಕಾರಣವನ್ನು ಮೊದಲು ಸಂಶಯಿಸಬೇಕು.

ಪರಿಹಾರಕ್ಕೆ ಹೆಚ್ಚಿನ ವೆಚ್ಚವಿಲ್ಲ. ಯಂತ್ರವನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಪಕ್ಕದ ಮುಚ್ಚಳವನ್ನು ತೆಗೆದು, ಮೆತ್ತನೆಯ ಕುಂಚದಿಂದಲೂ ಗಾಳಿಯ ಬ್ಲೋವರಿನಿಂದಲೂ ಧೂಳನ್ನು ತೆಗೆಯಬೇಕು. ಗಾಳಿ ಊದುವಾಗ ಪಂಖವು ತಿರುಗದಂತೆ ಬೆರಳಿನಿಂದ ಹಿಡಿಯಬೇಕು. ಒದ್ದೆ ಬಟ್ಟೆಯನ್ನು ಬಳಸಕೂಡದು. ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಕೂಡದು, ಏಕೆಂದರೆ ಪ್ಲಗ್ಗು ಕಿತ್ತ ಮೇಲೆಯೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ಲ್ಯಾಪ್‌ಟಾಪನ್ನು ಕೌದಿಯ ಮೇಲೆ, ಹಾಸಿಗೆಯ ಮೇಲೆ ಇಟ್ಟು ಆಡಿದರೆ ಗಾಳಿಯ ರಂಧ್ರಗಳು ಮುಚ್ಚಿಹೋಗುತ್ತವೆ. ಮರದ ಹಲಗೆಯೊಂದು ಈ ದೋಷವನ್ನು ನಿವಾರಿಸುತ್ತದೆ. ಹಲವು ವರ್ಷಗಳ ಯಂತ್ರವಾದರೆ ಸಂಸ್ಕಾರಕಕ್ಕೂ ಲೋಹದ ರೆಕ್ಕೆಗಳಿಗೂ ನಡುವಿನ ಶಾಖವಾಹಕ ಲೇಪವು ಒಣಗಿರಬಹುದು. ಅದನ್ನು ಬಲ್ಲವರಿಂದ ಬದಲಾಯಿಸುವುದು ಲೇಸು.

ವಿದ್ಯುತ್ತು

ನಮ್ಮ ದೇಶದಲ್ಲಿ ಮನೆಗಳಿಗೆ ನಿಗದಿಯಾದ ವೋಲ್ಟೇಜು ೨೩೦. ಅದು ಇಳಿದಾಗ ದೀಪವು ಮಂಕಾಗುವಂತೆ ಆಟವೂ ಮಂದವಾಗುವುದೆಂಬ ನಂಬಿಕೆಯುಂಟು, ಅದು ಸರಿಯಲ್ಲ. ಡೆಸ್ಕ್‌ಟಾಪ್ ಯಂತ್ರದ ವಿದ್ಯುತ್ ಪೆಟ್ಟಿಗೆಯು ಒಂದು ಮಿತಿಯವರೆಗೆ ಏರಿಳಿತವನ್ನು ಸಹಿಸಿ ಒಳಗೆ ಸ್ಥಿರವಾದ ವಿದ್ಯುತ್ತನ್ನೇ ಒದಗಿಸುತ್ತದೆ. ಮಿತಿ ಮೀರಿದಾಗ ಯಂತ್ರವು ನಿಧಾನವಾಗುವುದಿಲ್ಲ, ಆರಿಹೋಗುತ್ತದೆ ಅಥವಾ ತಾನೇ ಮರಳಿ ಪ್ರಾರಂಭವಾಗುತ್ತದೆ. ಆದ್ದರಿಂದ ಆಟದ ನಡುವೆ ಯಂತ್ರವು ಆರುವುದಾದರೆ ಮಾತ್ರ ವೋಲ್ಟೇಜು, ಯುಪಿಎಸ್ ಮತ್ತು ವಿದ್ಯುತ್ ಪೆಟ್ಟಿಗೆಗಳನ್ನು ಪರೀಕ್ಷಿಸಬೇಕು. ಲ್ಯಾಪ್‌ಟಾಪಿನ ವಿಷಯ ಬೇರೆ. ವಿದ್ಯುತ್ತು ಹೋಗಿ ಬ್ಯಾಟರಿಯ ಮೇಲೆ ನಡೆಯುವಾಗ ಅದು ಶಕ್ತಿಯನ್ನು ಉಳಿಸಲು ವೇಗವನ್ನು ಬಹಳವಾಗಿ ತಗ್ಗಿಸುತ್ತದೆ. ಇದು ರೋಗವಲ್ಲ, ಅದರ ಸ್ವಭಾವ.

ದಾರಿ ತಪ್ಪಿದ ಚಿತ್ರ

ಕೆಲವೊಮ್ಮೆ ಶಕ್ತಿಯುಳ್ಳ ಗ್ರಾಫಿಕ್ಸ್ ಕಾರ್ಡು ಯಂತ್ರದೊಳಗೆ ಇದ್ದೂ ದುಡಿಯುವುದಿಲ್ಲ. ಪರದೆಯ ತಂತಿಯನ್ನು ಕಾರ್ಡಿನ ಹಿಂಬದಿಗೆ ಜೋಡಿಸುವ ಬದಲು ಮದರ್‌ಬೋರ್ಡಿನ ಕಿಂಡಿಗೆ ಜೋಡಿಸಿದರೆ ಚಿತ್ರವನ್ನು ಬಿಡಿಸುವ ಭಾರವು ಸಾಮಾನ್ಯವಾಗಿ ಸಂಸ್ಕಾರಕದೊಳಗಿನ ಸಣ್ಣ ಘಟಕದ ಮೇಲೆ ಬೀಳುತ್ತದೆ. ತಂತಿಯನ್ನು ಸರಿಯಾದ ಕಿಂಡಿಗೆ ಬದಲಿಸಲು ಅರ್ಧ ನಿಮಿಷ ಸಾಕು. ಎರಡು ಗ್ರಾಫಿಕ್ಸ್ ಘಟಕಗಳುಳ್ಳ ಲ್ಯಾಪ್‌ಟಾಪಿನಲ್ಲಿ, ಆ ಆಟವನ್ನು ಬಲವಾದ ಘಟಕದಲ್ಲಿಯೇ ನಡೆಸಬೇಕೆಂದು ವಿಂಡೋಸಿನ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಸೂಚಿಸಬಹುದು. ೧೪೪ ಹರ್ಟ್ಸ್ ಪರದೆಯನ್ನು ಕೊಂಡು ಅದನ್ನು ೬೦ಕ್ಕೇ ಬಿಟ್ಟಿರುವ ಮನೆಗಳೂ ಉಂಟು; ಇದನ್ನು ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸರಿಪಡಿಸಬಹುದು.

ಸ್ಮೃತಿ ಮತ್ತು ಸಂಗ್ರಹ

ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯು ಕೆಲಸಗಾರನ ಮುಂದಿನ ಮೇಜಿನಂತೆ. ಡಿಸ್ಕು ಹಿಂದಿನ ಉಗ್ರಾಣದಂತೆ. ಮೇಜು ತುಂಬಿದಾಗ ಕೆಲಸಗಾರನು ಪದೇಪದೇ ಉಗ್ರಾಣಕ್ಕೆ ಓಡಬೇಕಾಗುತ್ತದೆ. ಆಟದ ತಡವರಿಕೆಗೆ ಇದು ಸಾಮಾನ್ಯ ಕಾರಣ. ಹಿನ್ನೆಲೆಯಲ್ಲಿ ತೆರೆದಿರುವ ಬ್ರೌಸರು ಮುಂತಾದವುಗಳನ್ನು ಮುಚ್ಚುವುದು ಮೊದಲ ಉಪಾಯ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರವು ಚಿತ್ರದ ಕೆಲಸಕ್ಕೂ ಇದೇ ಸ್ಮೃತಿಯನ್ನು ಬಳಸುವುದರಿಂದ, ಅಂಥಲ್ಲಿ ಒಂದೇ ಪಟ್ಟಿಯ ಬದಲು ಜೋಡಿಯಾಗಿ ಎರಡು ರ್‍ಯಾಮ್ ಪಟ್ಟಿಗಳನ್ನು ಹಾಕಿದರೆ ಎದ್ದು ಕಾಣುವ ಪ್ರಯೋಜನವಾಗುತ್ತದೆ.

ಉಗ್ರಾಣವೂ ಮುಖ್ಯ. ತಿರುಗುವ ಹಾರ್ಡ್ ಡಿಸ್ಕು ಸೆಕೆಂಡಿಗೆ ಸುಮಾರು ೧೦೦ರಿಂದ ೨೦೦ ಮೆಗಾಬೈಟುಗಳನ್ನು ಓದಿದರೆ, ಸಾಧಾರಣ ಸಾಟಾ ಎಸ್‌ಎಸ್‌ಡಿಯು ೫೦೦ರಷ್ಟನ್ನು ಓದುತ್ತದೆ. ಚದುರಿದ ಸಣ್ಣ ಕಡತಗಳನ್ನು ಓದುವಲ್ಲಿ ಅಂತರವು ಇನ್ನೂ ಬಹುಪಾಲು ಹೆಚ್ಚು. ಎಸ್‌ಎಸ್‌ಡಿಯು ಚಿತ್ರಗಳ ಸಂಖ್ಯೆಯನ್ನು ಅಷ್ಟಾಗಿ ಏರಿಸದಿದ್ದರೂ ಕಾಯುವಿಕೆಯನ್ನೂ ತಡವರಿಕೆಯನ್ನೂ ತಗ್ಗಿಸುತ್ತದೆ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಗಳಿಗೆ ಕೊಡುವ ಹಳೆಯ ಗಣಕಯಂತ್ರಗಳನ್ನು "ಕೆಲಸಕ್ಕೆ ಬಾರದವು" ಎಂದು ಮೂಲೆಗೆ ಸರಿಸುವ ಮೊದಲು ಈ ಒಂದು ಬದಲಾವಣೆಯನ್ನು ಮಾಡಿ ನೋಡುವುದು ಉಚಿತ. ಆಟಕ್ಕೆ ಸಾಲದ ಯಂತ್ರವೂ ಪಾಠಕ್ಕೆ ಧಾರಾಳವಾಗಿ ಸಾಕಾಗುತ್ತದೆ.

ದೂರದ ತಡೆ

ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಚಲಿಸುತ್ತದೆ. ಯರಗಟ್ಟಿಯಿಂದ ಮುಂಬಯಿಗೆ ಸುಮಾರು ೫೦೦ ಕಿಲೋಮೀಟರು ಎಂದಿಟ್ಟುಕೊಂಡರೆ ಹೋಗಿಬರುವ ಪಯಣಕ್ಕೆ ೫ ಮಿಲಿಸೆಕೆಂಡು ಸಾಕು. ಸಿಂಗಾಪುರವು ೩೦೦೦ ಕಿಲೋಮೀಟರಿಗಿಂತಲೂ ದೂರ. ಅಲ್ಲಿಗೆ ಹೋಗಿಬರಲು ೩೦ ಮಿಲಿಸೆಕೆಂಡುಗಳಾದರೂ ಬೇಕು. ಆದುದರಿಂದ ಆಟದ ಸೆಟ್ಟಿಂಗಿನಲ್ಲಿ ಮುಂಬಯಿಯ ಸರ್ವರು ದೊರೆಯುವುದಾದರೆ ಅದನ್ನೇ ಆರಿಸಿಕೊಳ್ಳಬೇಕು. ಇಷ್ಟಾಗಿಯೂ ತಡೆಯು ನೂರಾರು ಮಿಲಿಸೆಕೆಂಡುಗಳಷ್ಟಿದ್ದರೆ ಮನೆಯೊಳಗೇ ಹುಡುಕಬೇಕು. ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲುಮಣ್ಣಿನ ಗೋಡೆಗಳು ಬಿಸಿಲನ್ನು ತಡೆಯುವಂತೆಯೇ ವೈಫೈ ತರಂಗಗಳನ್ನೂ ತಡೆಯುತ್ತವೆ. ರೂಟರಿನಿಂದ ಯಂತ್ರಕ್ಕೆ ಒಂದು ತಂತಿಯನ್ನು ಎಳೆದು ನೋಡಿದರೆ ಸತ್ಯವು ಕೂಡಲೇ ತಿಳಿಯುತ್ತದೆ.

ಒಂದು ಸಲಕ್ಕೆ ಒಂದು ಬದಲಾವಣೆ

ಪರೀಕ್ಷೆಗೆ ಬೇಕಾದ ಸಾಧನಗಳು ಯಂತ್ರದಲ್ಲಿಯೇ ಇವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಕೂಡಿ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರಿನಲ್ಲಿ ಸಂಸ್ಕಾರಕ, ಸ್ಮೃತಿ, ಡಿಸ್ಕು, ಗ್ರಾಫಿಕ್ಸ್ ಘಟಕಗಳು ಎಷ್ಟೆಷ್ಟು ದುಡಿಯುತ್ತಿವೆಯೆಂಬುದು ಕಾಣುತ್ತದೆ. ವಿಂಡೋಸ್ ಗುಂಡಿಯೊಡನೆ 'ಜಿ'ಯನ್ನು ಒತ್ತಿದರೆ ತೆರೆಯುವ ಗೇಮ್ ಬಾರಿನಲ್ಲಿ ಸೆಕೆಂಡಿನ ಚಿತ್ರಗಳ ಸಂಖ್ಯೆಯನ್ನು ನೋಡಬಹುದು.

ಬಳಿಕ ಒಂದು ಸರಳ ಪ್ರಯೋಗ. ಆಟದ ಚಿತ್ರದ ಅಳತೆಯನ್ನು ೧೯೨೦×೧೦೮೦ರಿಂದ ೧೨೮೦×೭೨೦ಕ್ಕೆ ಇಳಿಸಬೇಕು. ಆಗ ಪ್ರತಿ ಚಿತ್ರದ ಚುಕ್ಕೆಗಳು ೨೦,೭೩,೬೦೦ರಿಂದ ೯,೨೧,೬೦೦ಕ್ಕೆ, ಎಂದರೆ ಅರ್ಧಕ್ಕಿಂತ ಕಡಿಮೆಗೆ ಇಳಿಯುತ್ತವೆ. ಆಟದ ವೇಗವು ಏರಿದರೆ ಭಾರವು ಗ್ರಾಫಿಕ್ಸ್ ಘಟಕದ ಮೇಲಿತ್ತು. ನೆರಳು, ಪ್ರತಿಬಿಂಬಗಳ ಸೊಗಸನ್ನು ತಗ್ಗಿಸಿದರೆ ಪರಿಹಾರ ದೊರೆಯುತ್ತದೆ. ವೇಗವು ಏರದಿದ್ದರೆ ತಡೆಯು ಬಹುಶಃ ಸಂಸ್ಕಾರಕದಲ್ಲಿದೆ. ಆಗ ದೃಶ್ಯದ ದೂರ, ಜನಸಂದಣಿಗಳನ್ನು ತಗ್ಗಿಸಬೇಕು. ಸಂಸ್ಕಾರಕದ ಒಟ್ಟು ದುಡಿಮೆಯು ಶೇಕಡಾ ೩೦ ಎಂದು ತೋರಿದರೂ ಅದರ ಒಂದು ತಿರುಳು ಪೂರ್ಣ ಭಾರ ಹೊತ್ತಿರಬಹುದೆಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ವಹಿಯಲ್ಲಿ ಬರೆದಿಡುವುದು. ಡ್ರೈವರು, ಧೂಳು, ಸೆಟ್ಟಿಂಗು ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ಗುಣವಾದರೂ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಮರಳಿ ಕೆಟ್ಟಾಗ ಮತ್ತೆ ಕತ್ತಲೆಯೇ. ತಾರೀಖು, ಕೋಣೆಯ ಬಿಸಿ, ಮಾಡಿದ ಬದಲಾವಣೆ, ಚಿತ್ರಗಳ ಸಂಖ್ಯೆ ಎಂಬ ನಾಲ್ಕು ಅಂಕಣಗಳ ಪಟ್ಟಿಯನ್ನು ಬರೆಯುವ ವಿದ್ಯಾರ್ಥಿಯು ಪ್ರಯೋಗಶಾಲೆಯ ಶಿಸ್ತನ್ನೇ ಕಲಿಯುತ್ತಿರುತ್ತಾನೆ. ವಿಜ್ಞಾನದ ಗುರುಗಳು ಇದನ್ನು ಪಾಠಕ್ಕೆ ಬಳಸಿಕೊಂಡರೆ, ಮಕ್ಕಳು ತಾವಾಗಿಯೇ ಮುಂದೆ ಬರುವ ವಿಷಯವೊಂದು ಅವರಿಗೆ ದೊರೆತಂತಾಗುವುದು.

ಇಷ್ಟೆಲ್ಲ ಪರೀಕ್ಷೆಯ ಬಳಿಕವೂ ಯಂತ್ರದ ಸಾಮರ್ಥ್ಯವೇ ಸಾಲದೆಂದು ತಿಳಿದುಬರಬಹುದು. ಆಟವು ಕೇಳುವ ಕನಿಷ್ಠ ಅರ್ಹತೆಯು ಯಂತ್ರದಲ್ಲಿ ಇಲ್ಲದಿದ್ದರೆ ಯಾವ ಉಪಚಾರವೂ ಅದನ್ನು ತುಂಬಿಕೊಡಲಾರದು. ವಿಂಡೋಸ್ ೧೦ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ೨೦೨೫ರ ಅಕ್ಟೋಬರ್ ೧೪ರಂದು ನಿಲ್ಲಿಸಿರುವುದರಿಂದ ಕೆಲವು ಹಳೆಯ ಯಂತ್ರಗಳಿಗೆ ಆ ಪ್ರಶ್ನೆಯೂ ಉಂಟು. ಆಗ ಕೊಳ್ಳುವುದು ತಪ್ಪಲ್ಲ. ಆದರೆ ಆಗಲೂ ಯಾವ ಭಾಗವು ಸೋತಿದೆಯೆಂಬುದು ವಹಿಯಲ್ಲಿ ಬರೆದಿರುತ್ತದೆ. ಇಡೀ ಯಂತ್ರದ ಬದಲು ಆ ಒಂದು ಭಾಗವನ್ನಷ್ಟೇ ಕೊಂಡರೆ ಸಾಕಾದೀತು. ಅಂಗಡಿಯ ಮೆಟ್ಟಿಲು ಹತ್ತುವ ಪಾಲಕರ ಕೈಯಲ್ಲಿ ಆ ವಹಿ ಇರಲಿ. ಬೆವರಿನ ಹಣವು ಎಲ್ಲಿ ಸಲ್ಲಬೇಕೋ ಅಲ್ಲಿಯೇ ಸಲ್ಲುವುದು.