ಕಂಬಂ ಕಣಿವೆಗೆ ಹೋಗುವವರಿಗೆ ನಾಲ್ಕು ಮಾತು

ರಜೆ ಬಂತೆಂದರೆ ನಮ್ಮ ಕಡೆಯವರ ಪ್ರವಾಸ ಹೆಚ್ಚಾಗಿ ಧರ್ಮಸ್ಥಳ, ಸುಬ್ರಹ್ಮಣ್ಯ, ಮಡಿಕೇರಿ, ಮೈಸೂರುಗಳತ್ತ ಹೊರಡುತ್ತದೆ. ದಕ್ಷಿಣಕ್ಕೆ ಹೋದವರು ಗುರುವಾಯೂರು, ಪಳನಿ, ಮಧುರೆ, ರಾಮೇಶ್ವರಗಳ ದರ್ಶನ ಮುಗಿಸಿ ಮರಳುತ್ತಾರೆ. ಆ ಪಳನಿ, ಮಧುರೆಗಳಿಂದ ತುಸು ಪಡುವಣಕ್ಕೆ ಸರಿದರೆ ಬೆಟ್ಟಗಳ ನಡುವೆ ಕನ್ನಡ ಮಾತು ಕೇಳಿಸುತ್ತದೆ ಎಂದರೆ ಅನೇಕರು ನಂಬಲಾರರು. ಮೊದಲು ನಾವೂ ನಂಬಿರಲಿಲ್ಲ.

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಪೇಟೆಯ ಒಂದು ಚಹಾದ ಅಂಗಡಿಯಲ್ಲಿ ಕುಳಿತು ನಾವು ನಮ್ಮೊಳಗೇ ಬಸ್ಸಿನ ವಿಚಾರ ಮಾತಾಡುತ್ತಿದ್ದೆವು. ಪಕ್ಕದ ಬೆಂಚಿನಲ್ಲಿದ್ದ ವೃದ್ಧರೊಬ್ಬರು ತಿರುಗಿ ನೋಡಿದರು. ತಮ್ಮ ಮನೆಮಾತು ನಮಗೆ ಹೇಗೆ ಬಂತೆಂಬುದು ಅವರ ಪ್ರಶ್ನೆ. ಅವರ ಕನ್ನಡ ನಮ್ಮ ಕಿವಿಗೆ ಅರ್ಧ ತಮಿಳಾಗಿ ಕೇಳಿಸಿತು. ನಮ್ಮದು ಅವರಿಗೆ ಹೇಗೆ ಕೇಳಿಸಿತೋ ಗೊತ್ತಿಲ್ಲ. ಆದರೂ ಎರಡು ಲೋಟ ಚಹಾ ಮುಗಿಯುವಷ್ಟರಲ್ಲಿ ಅವರ ಮನೆಯ ವಿಚಾರ ನಮಗೂ ನಮ್ಮೂರಿನ ವಿಚಾರ ಅವರಿಗೂ ತಿಳಿದಿತ್ತು. ಆ ಪರಿಚಯದ ಸಲಿಗೆಯಿಂದ, ಅಲ್ಲಿಗೆ ಹೋಗಬಯಸುವ ನಮ್ಮ ಓದುಗರಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಹೋಗುವ ದಾರಿ

ಕಾಸರಗೋಡಿನಿಂದ ಎರಡು ದಾರಿಗಳಿವೆ. ಒಂದು, ರೈಲಿನಲ್ಲಿ ಕೋಟ್ಟಯಂ ತಲುಪಿ, ಅಲ್ಲಿಂದ ಬಸ್ಸಿನಲ್ಲಿ ಮುಂಡಕ್ಕಯಂ, ಪೀರುಮೇಡುಗಳ ಮೇಲಾಗಿ ಕುಮಳಿಗೆ ಹೋಗುವುದು. ಇನ್ನೊಂದು, ಪಾಲಕ್ಕಾಡಿನಲ್ಲಿ ರೈಲು ಬದಲಿಸಿ ಪೊಳ್ಳಾಚಿ, ಪಳನಿ ಮಾರ್ಗವಾಗಿ ದಿಂಡಿಗಲ್ಲಿಗೆ ಹೋಗುವುದು. ಮೊದಲನೆಯದರಲ್ಲಿ ಹೋಗಿ ಎರಡನೆಯದರಲ್ಲಿ ಮರಳಿದರೆ ಒಂದೇ ಊರನ್ನು ಎರಡು ಸಲ ನೋಡುವ ಬೇಸರವಿರುವುದಿಲ್ಲ. ಹೋಗಿಬರುವ ದಿನಗಳನ್ನು ಬಿಟ್ಟು ಮೂರು ದಿನ ಸಾಕು.

ಕುಮಳಿಯಲ್ಲಿ ಕೇರಳ ಮುಗಿಯುತ್ತದೆ. ಗಡಿಯ ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ತಮಿಳುನಾಡಿನ ಬಸ್ಸುಗಳು ನಿಂತಿರುತ್ತವೆ. ಮಲಯಾಳದ ಬೋರ್ಡುಗಳು ಹಿಂದಾಗಿ ತಮಿಳಿನವು ಎದುರಾಗುತ್ತವೆ. ತಲಪಾಡಿಯ ಗಡಿ ದಾಟಿ ಅಭ್ಯಾಸವಾದ ನಮಗೆ ಇದರಲ್ಲಿ ಹೊಸತೇನಿಲ್ಲ. ಹೊಸತಾಗಿ ಕಾಣುವುದು ಇಳಿಜಾರು. ಏಲಕ್ಕಿ ಕಾಡಿನ ತಂಪಿನಿಂದ ಹೊರಟ ಬಸ್ಸು ತಿರುವು ತಿರುವಾಗಿ ಘಾಟಿ ಇಳಿದು, ಗದ್ದೆ ತೆಂಗುಗಳ ಬಯಲಿಗೆ ಬರುತ್ತದೆ. ಕುಮಳಿಯಿಂದ ಕಂಬಂಗೆ ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚು.

ನೀರಿನ ಕತೆ

ಘಾಟಿಯ ಬುಡದಲ್ಲಿ ಲೋವರ್ ಕ್ಯಾಂಪ್ ಎಂಬ ಸ್ಥಳವಿದೆ. ಬೆಟ್ಟದಿಂದ ಇಳಿಯುವ ದಪ್ಪ ಕೊಳವೆಗಳೂ ಕೆಳಗಿನ ವಿದ್ಯುತ್ ಸ್ಥಾವರವೂ ಬಸ್ಸಿನಿಂದಲೇ ಕಾಣಿಸುತ್ತವೆ. ಇಲ್ಲಿ ಇಳಿದು ಕರ್ನಲ್ ಪೆನ್ನಿಕ್ವಿಕ್ಕರ ಸ್ಮಾರಕವನ್ನು ನೋಡಬೇಕು. ಪಶ್ಚಿಮಕ್ಕೆ ಹರಿಯುವ ಪೆರಿಯಾರ್ ನದಿಗೆ 1887ರಿಂದ 1895ರ ವರೆಗೆ ಅಣೆಕಟ್ಟು ಕಟ್ಟಿಸಿ, ಬೆಟ್ಟಕ್ಕೆ ಸುರಂಗ ಕೊರೆಸಿ, ಆ ನೀರನ್ನು ಪೂರ್ವಕ್ಕೆ ತಿರುಗಿಸಿದ ಇಂಜಿನಿಯರ್ ಅವರು. ಕಣಿವೆಯ 14,707 ಎಕರೆ ಎರಡು ಬೆಳೆಯ ಗದ್ದೆಗೆ ಈ ನೀರೇ ಆಧಾರ. ಮುಂದೆ ಇದು ವೈಗೈ ನದಿಯನ್ನು ಸೇರಿ ಮಧುರೆಯ ಕಡೆಯ ಹೊಲಗಳಿಗೂ ಹೋಗುತ್ತದೆ. ಸ್ಮಾರಕ ಕಟ್ಟಿದ್ದು 2013ರಲ್ಲಿ. ಅದಕ್ಕೂ ಬಹಳ ಮೊದಲೇ ರೈತರು ಈ ಬಿಳಿಯ ದೊರೆಯ ಪಟವನ್ನು ಮನೆಗಳಲ್ಲಿ ತೂಗುಹಾಕಿಕೊಂಡಿದ್ದರು. ಅವರ ಜನ್ಮದಿನವಾದ ಜನವರಿ 15ರಂದು ಇಲ್ಲಿ ಪೊಂಗಲ್ ಬೇಯಿಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಅಣೆಕಟ್ಟು ಇರುವುದು ಕೇರಳದ ನೆಲದಲ್ಲಿ. ನೀರು ಹೋಗುವುದು 1886ರ 999 ವರ್ಷಗಳ ಕರಾರಿನ ಪ್ರಕಾರ ತಮಿಳುನಾಡಿಗೆ. ಕೇರಳದಲ್ಲಿ ಮುಲ್ಲಪೆರಿಯಾರ್ ಎಂದರೆ ಹಳೆಯ ಕಟ್ಟೆಯ ಭಯ. ಕಂಬಂನಲ್ಲಿ ಅದೇ ಹೆಸರು ಅನ್ನದ ಹೆಸರು. 2011ರ ಡಿಸೆಂಬರಿನಲ್ಲಿ ಈ ಗಡಿಯಲ್ಲಿ ವಾಹನಗಳೇ ನಿಂತುಹೋಗುವಷ್ಟು ಜಗಳವಾಗಿತ್ತು. ಆದುದರಿಂದ ನೀವು ಕೇರಳದವರೆಂದು ತಿಳಿದು ಯಾರಾದರೂ ಆ ವಿಷಯ ಎತ್ತಿದರೆ, ಕೇಳಿಸಿಕೊಂಡು ಬರುವುದು ಲೇಸು.

ದೇವರ ಹಟ್ಟಿ

ಕಂಬಂ ತಲುಪಿದ ಮೇಲೆ ಎಲ್ಲರೂ ಮೊದಲು ಸುರುಳಿ ಜಲಪಾತಕ್ಕೆ ಆಟೋ ಹಿಡಿಯುತ್ತಾರೆ. ನಮ್ಮ ಸಲಹೆ ಕೇಳುವುದಾದರೆ, ಮೊದಲು ನಂದಗೋಪಾಲಸ್ವಾಮಿಯ ಸನ್ನಿಧಿಗೆ ಹೋಗಿ. ತಮಿಳಿನಲ್ಲಿ ‘ತಂಬಿರಾನ್ ಮಾಟ್ಟು ತೊಳು’ ಎಂದರೆ ಯಾರೂ ದಾರಿ ತೋರಿಸುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ದೇವರ ದನಗಳ ಹಟ್ಟಿ. ದೊಡ್ಡ ಗೋಪುರವನ್ನು ನಿರೀಕ್ಷಿಸಿ ಹೋಗಬೇಡಿ. ಇಲ್ಲಿ ದನಗಳ ಹಿಂಡೇ ದೇವರ ಸೊತ್ತು. ಹಿಂಡಿನ ಪಟ್ಟದ ಎತ್ತಿಗೆ ದೇವರೆಂದು ಪೂಜೆ ಸಲ್ಲುತ್ತದೆ.

ಈ ಹಟ್ಟಿಯನ್ನು ನಡೆಸುತ್ತ ಬಂದವರು ಕಾಪ್ಪಿಲಿಯರ್ ಎಂದು ಅಲ್ಲಿ ಕರೆಯಲ್ಪಡುವ ಒಕ್ಕಲಿಗ ರೈತರು. ಅವರ ಮನೆಮಾತು ಕನ್ನಡ. ಕಣಿವೆಯಲ್ಲಿರುವ ಅನುಪ್ಪರ ಮನೆಮಾತೂ ಕನ್ನಡವೇ. ತಮ್ಮ ಹಿರಿಯರು ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ದನಕರುಗಳನ್ನು ಹೊಡೆದುಕೊಂಡು ಬಂದರೆಂದೂ ಈ ಹಿಂಡಿನಲ್ಲಿ ಆ ದನಗಳ ಸಂತಾನವಿದೆಯೆಂದೂ ಒಕ್ಕಲಿಗರ ನಂಬಿಕೆ. 1906ರಲ್ಲಿ ಪ್ರಕಟವಾದ ಮಧುರೆ ಜಿಲ್ಲಾ ಗೆಜೆಟಿಯರಿನಲ್ಲಿ ಬ್ರಿಟಿಷ್ ಅಧಿಕಾರಿ ಡಬ್ಲ್ಯು. ಫ್ರಾನ್ಸಿಸ್ ಈ ಹಿಂಡಿನ ವಿಚಾರ ಬರೆದಿದ್ದಾರೆ. ಪಟ್ಟದ ಎತ್ತು ಸತ್ತರೆ ಹೊಸದನ್ನು ಆರಿಸುವ ಕ್ರಮ ಅದರಲ್ಲಿದೆ. ಒಳ್ಳೆಯ ದಿನ ನೋಡಿ ಹಿಂಡನ್ನು ಸೇರಿಸಿ, ಕರ್ಪೂರ, ಬಾಳೆಹಣ್ಣು, ವೀಳ್ಯದೆಲೆಗಳನ್ನು ಅರ್ಪಿಸಿ, ಕಬ್ಬಿನ ಕಟ್ಟೊಂದನ್ನು ಮುಂದಿಡುತ್ತಾರೆ. ಯಾವ ಹೋರಿ ಮೊದಲು ಕಬ್ಬಿಗೆ ಬಾಯಿ ಹಾಕುತ್ತದೋ ಪಟ್ಟ ಅದಕ್ಕೆ.

ಆ ಗೆಜೆಟಿಯರಿನಲ್ಲಿ ನಮ್ಮ ಗಮನ ಸೆಳೆದುದು ಒಂದು ಶಬ್ದ. ತಮಿಳರು ‘ತಂಬಿರಾನ್ ಮಾಡು’ ಎನ್ನುವ ಈ ಹಿಂಡಿಗೆ ಕನ್ನಡದಲ್ಲಿ ‘ದೇವರು ಆವು’ ಎನ್ನುತ್ತಾರೆಂದು ಅದರಲ್ಲಿದೆ. ಪಟ್ಟದ ಎತ್ತಿಗೂ ‘ಪಟ್ಟದು ಆವು’ ಎಂದೇ ಹೆಸರು. ‘ಆವು’ ಎಂದರೆ ಹಸು ಎಂದು ನಾವು ಕಲಿತದ್ದು ಹೈಸ್ಕೂಲಿನ ಹಳೆಗನ್ನಡ ಪದ್ಯದ ಅಡಿಟಿಪ್ಪಣಿಯಿಂದ. ಪರೀಕ್ಷೆ ಮುಗಿದ ಮೇಲೆ ಮರೆತೂಬಿಟ್ಟೆವು. ಕನ್ನಡ ಶಾಲೆಯ ಆಸರೆಯಿಲ್ಲದ ಇವರು ಅದೇ ಶಬ್ದದಿಂದ ಹಟ್ಟಿಯ ದನವನ್ನು ಕರೆಯುತ್ತ ಬಂದರು.

ನೋಡಲು ಒಳ್ಳೆಯ ದಿನವೆಂದರೆ ಮಾಟ್ಟು ಪೊಂಗಲ್, ಅಂದರೆ ನಮ್ಮ ಮಕರ ಸಂಕ್ರಮಣದ ಮರುದಿನ. ಹರಕೆಯಾಗಿ ಕರುಗಳನ್ನು ಒಪ್ಪಿಸುವ ರೈತರಿಂದ ಅಂದು ಹಟ್ಟಿ ತುಂಬಿರುತ್ತದೆ. ಜಾತ್ರೆಯ ಗದ್ದಲ ಬೇಡವೆನ್ನುವವರು ಬೇರೆ ದಿನ ಹೋಗಬಹುದು. ಚಪ್ಪಲಿ ಹೊರಗಿಟ್ಟು, ಅನುಮತಿ ಕೇಳಿ ಒಳಗೆ ಹೋಗಿ. ಹೋರಿಗಳ ಬಳಿಗೆ ಮಕ್ಕಳನ್ನು ಬಿಡಬೇಡಿ. ಇವು ಬೆಟ್ಟದಲ್ಲಿ ಮೇಯುವ ತಳಿಯ ದನಗಳು, ನಮ್ಮ ಕಾಸರಗೋಡು ಗಿಡ್ಡದಂತೆ ಸಾಧುವಲ್ಲ.

ಈ ಬೆಟ್ಟದ ದನಗಳಿಗೆ ಈಗ ಕಷ್ಟಕಾಲ. ಕಣಿವೆಯ ಪೂರ್ವದ ಮೇಘಮಲೆ ಕಾಡು 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ರಕ್ಷಿತಾರಣ್ಯಕ್ಕೆ ಸೇರಿತು. ಮದ್ರಾಸ್ ಹೈಕೋರ್ಟು 2022ರಲ್ಲಿ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿ, ಬಳಿಕ ಆ ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಮತ್ತು ಹುಲಿ ರಕ್ಷಿತಾರಣ್ಯಗಳಿಗೆ ಸೀಮಿತಗೊಳಿಸಿತು. ಹುಲಿಯೂ ಉಳಿಯಬೇಕು, ನಿಜ. ಆದರೆ ಮೇವಿನ ಕಾಡು ಮುಚ್ಚಿದರೆ ಹಿಂಡು ಕರಗುತ್ತದೆ; ಹಿಂಡು ಕರಗಿದರೆ ಅದನ್ನು ಕರೆಯುವ ಶಬ್ದಗಳಿಗೂ ಕೆಲಸವಿರುವುದಿಲ್ಲ.

ಮಾತಾಡುವ ರೀತಿ

ಅಲ್ಲಿಯವರೊಡನೆ ಕನ್ನಡ ಮಾತಾಡುವಾಗ ನಿಧಾನವಾಗಿ, ಮನೆಯ ಮಾತಿನಲ್ಲಿ ಮಾತಾಡಿ. ‘ಪ್ರಯಾಣ’, ‘ವ್ಯವಸ್ಥೆ’ ಮೊದಲಾದ ನಮ್ಮ ಪುಸ್ತಕದ ಮಾತು ಅವರಿಗೆ ಬೇಗ ತಾಗುವುದಿಲ್ಲ. ನೀರು, ಅನ್ನ, ಮನೆ, ಮಗಳು, ಬಾ, ಹೋಗು ಎಂಬಲ್ಲಿಂದ ತೊಡಗಿದರೆ ಸರಿಹೋಗುತ್ತದೆ. ಅವರ ಮಾತನ್ನು ತಿದ್ದಲು ಹೋಗಬೇಡಿ. ಇದು ಶುದ್ಧ ಕನ್ನಡವಲ್ಲ ಎಂದು ನಗಬೇಡಿ. ಮಂಗಳೂರು, ಬೆಂಗಳೂರುಗಳಲ್ಲಿ ನಮ್ಮ ಕನ್ನಡದ ಮಲಯಾಳದ ರಾಗಕ್ಕೆ ಯಾರಾದರೂ ನಕ್ಕಾಗ ನಮಗೆ ಎಷ್ಟು ನೋವಾಗಿದೆ ಎಂಬುದನ್ನು ನೆನೆದರೆ ಸಾಕು.

ನಾವು ಚೀಲದಲ್ಲಿದ್ದ ಕನ್ನಡ ಪತ್ರಿಕೆಯನ್ನು ಚಹಾದಂಗಡಿಯ ಆ ವೃದ್ಧರ ಕೈಗೆ ಕೊಟ್ಟೆವು. ಅವರು ಅದನ್ನು ತಿರುಗಿಸಿ ನೋಡಿ, ಮಡಚಿ ಹಿಂದಕ್ಕೆ ಕೊಟ್ಟರು. ಅವರು ಕಲಿತದ್ದು ತಮಿಳಿನ ಅಕ್ಷರ. ಮಳೆಯ ಸುದ್ದಿಯೊಂದನ್ನು ಗಟ್ಟಿಯಾಗಿ ಓದಿ ಹೇಳಿದೆವು. ಹೆಚ್ಚಿನದು ತಿಳಿಯಿತೆಂದು ತಲೆಯಾಡಿಸಿದರು. ತಮ್ಮ ಮಾತನ್ನು ಹೀಗೆ ಅಚ್ಚು ಹಾಕುತ್ತಾರೆಂಬುದು ಅವರಿಗೆ ಸೋಜಿಗ.

ಮರಳುವಾಗ ನಮ್ಮೊಳಗೆ ಈ ವಿಚಾರವೇ ಚರ್ಚೆಯಾಯಿತು. ಕಾಸರಗೋಡಿನ ನಮ್ಮ ಮನೆಗಳಲ್ಲಿ ತುಳು ಉಂಟು, ಹವ್ಯಕ ಉಂಟು, ಕೊಂಕಣಿ, ಮರಾಠಿ ಉಂಟು. ಕನ್ನಡ ನಮ್ಮಲ್ಲಿ ಅನೇಕರಿಗೆ ಶಾಲೆಯಿಂದ, ಯಕ್ಷಗಾನದಿಂದ, ಪತ್ರಿಕೆಯಿಂದ ಬಂದದ್ದು. 1956ರ ನವೆಂಬರ್ 1ರಿಂದ ಈಚೆಗೆ ನಾವು ಹೋರಾಡುತ್ತ ಬಂದದ್ದೂ ಕನ್ನಡ ಶಾಲೆಗಾಗಿ, ಕನ್ನಡ ಬಲ್ಲ ಅಧ್ಯಾಪಕರಿಗಾಗಿ, ಕನ್ನಡದಲ್ಲಿ ಅರ್ಜಿ ಬರೆಯುವ ಹಕ್ಕಿಗಾಗಿ. ಕಂಬಂನಲ್ಲಿ ಇದು ತಲೆಕೆಳಗು. ಅಲ್ಲಿ ಕನ್ನಡ ಇರುವುದು ಅಡಿಗೆಮನೆಯಲ್ಲಿ ಮತ್ತು ಹಟ್ಟಿಯಲ್ಲಿ; ಶಾಲೆ, ಕಚೇರಿ, ಪೇಟೆಯೆಲ್ಲ ತಮಿಳು. ಮನೆ ಬಿಡದ್ದರಿಂದ ಅವರ ಮಾತು ಇಷ್ಟು ಕಾಲ ಬಾಳಿತು. ಆದರೆ ಅಕ್ಷರವಿಲ್ಲದ್ದರಿಂದ ಒಂದು ತಲೆಮಾರು ಮಕ್ಕಳೊಡನೆ ಆಡುವುದನ್ನು ನಿಲ್ಲಿಸಿದರೆ ಹಿಂದಕ್ಕೆ ಹೋಗಿ ನೋಡಲು ಒಂದು ಪುಟವೂ ಉಳಿಯದು. ನಮ್ಮಲ್ಲಿ ಪುಟಗಳಿವೆ, ಆದರೆ ಇಂಗ್ಲಿಷ್ ಶಾಲೆಯ ಬಸ್ಸು ಮನೆಯ ಮೆಟ್ಟಿಲ ತನಕ ಬಂದಿದೆ. ಯಾರ ಸ್ಥಿತಿ ಭದ್ರ ಎಂಬ ಬಗ್ಗೆ ಪಾಲಕ್ಕಾಡು ಬರುವ ತನಕವೂ ನಮ್ಮೊಳಗೆ ಒಮ್ಮತವಾಗಲಿಲ್ಲ.

ಮುಂದಿನ ಊರುಗಳು

ಸುರುಳಿ ಜಲಪಾತ ಕಂಬಂನಿಂದ ಸುಮಾರು ಹತ್ತು ಕಿಲೋಮೀಟರು. ಆಟಿ ಮತ್ತು ಮಕರ ಅಮಾವಾಸ್ಯೆಗಳಂದು ಪಿತೃಕಾರ್ಯಕ್ಕೆ ಬರುವವರ ಸಂದಣಿ ಇರುತ್ತದೆ. ನೀರು ಏರಿದಾಗ ಅರಣ್ಯ ಇಲಾಖೆಯವರು ಸ್ನಾನಕ್ಕೆ ಬಿಡುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರಗಳು. ಇಲ್ಲಿಯ ‘ಪನ್ನೀರ್ ದ್ರಾಕ್ಷಿ’ಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಬೇರೆ ಕಡೆಗಳಂತೆ ಒಂದೇ ಋತುವಿಗೆ ಮುಗಿಯದೆ ವರ್ಷದ ಹೆಚ್ಚಿನ ಕಾಲ ಸಿಗುತ್ತದೆ. ತೋಟದ ಬಾಗಿಲಲ್ಲೇ ಕೊಂಡರೆ ತಾಜಾ. ಆದರೆ ಊರಿಗೆ ತರಲು ಕೊನೆಯ ದಿನ ಕೊಳ್ಳಿ, ಬಹಳ ಮೆತ್ತಗಿನ ಹಣ್ಣು.

ಕಂಬಂನಿಂದ ಉತ್ತಮಪಾಳಯಂ, ಚಿನ್ನಮನೂರುಗಳ ಮೇಲಾಗಿ ತೇನಿಗೆ ಸುಮಾರು 40 ಕಿಲೋಮೀಟರು, ಬಸ್ಸುಗಳಿಗೆ ಬರವಿಲ್ಲ. ತೇನಿ ವ್ಯಾಪಾರದ ಪೇಟೆ, ವಸತಿಗೆ ಅನುಕೂಲ. ಹತ್ತಿರದ ಬೋಡಿನಾಯಕನೂರು ಏಲಕ್ಕಿ ಹರಾಜಿಗೆ ಹೆಸರಾದದ್ದು. ಅಲ್ಲಿಗೆ ಇದ್ದ ಮೀಟರ್ ಗೇಜ್ ರೈಲು 2010ರ ಕೊನೆಗೆ ನಿಂತು, ಬ್ರಾಡ್ ಗೇಜ್ ಆಗಿ ತೇನಿಗೆ 2022ರಲ್ಲಿ, ಬೋಡಿಗೆ 2023ರಲ್ಲಿ ಮರಳಿ ಬಂತು.

ತೇನಿಯಿಂದ ದಿಂಡಿಗಲ್ಲಿಗೆ ಸುಮಾರು 75 ಕಿಲೋಮೀಟರು. ‘ತಿಂಡು’ ಎಂದರೆ ದಿಂಬು, ‘ಕಲ್’ ಎಂದರೆ ಕಲ್ಲು. ದಿಂಬಿನಂಥ ಆ ಬೋಳು ಬಂಡೆಯ ಮೇಲೆ 1605ರಲ್ಲಿ ಮಧುರೆಯ ನಾಯಕರು ಕಟ್ಟಿಸಿದ ಕೋಟೆಯಿದೆ. ಮೈಸೂರಿನ ಚರಿತ್ರೆ ಓದಿದವರಿಗೆ ಈ ಹೆಸರು ಪರಿಚಿತ. 1755ರಲ್ಲಿ ಹೈದರಾಲಿ ಫೌಜುದಾರನಾಗಿ ಬಂದದ್ದು ಇಲ್ಲಿಗೇ. ಅವನು ಸ್ವಂತ ಬಲ ಕಟ್ಟಿಕೊಂಡದ್ದು ಇಲ್ಲಿಯೇ. 1790ರಲ್ಲಿ ಕೋಟೆ ಇಂಗ್ಲಿಷರ ವಶವಾಯಿತು; 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅದನ್ನು ಬಿಟ್ಟುಕೊಟ್ಟ. ನಮ್ಮ ಬೇಕಲ ಕೋಟೆಯೂ ಮೈಸೂರಿನ ಕೈಯಿಂದ ಇಂಗ್ಲಿಷರಿಗೆ ಹೋದದ್ದೇ ಎಂಬುದನ್ನು ಮಕ್ಕಳಿಗೆ ಹೇಳಿ. ಬಂಡೆಯಲ್ಲಿ ನೆರಳಿಲ್ಲ, ಬೆಳಗ್ಗೆಯೇ ಹತ್ತಿ ಇಳಿಯಬೇಕು.

ದಿಂಡಿಗಲ್ ಬೀಗಕ್ಕೆ ಪ್ರಸಿದ್ಧ. ಕೈಯಿಂದ ಮಾಡಿದ ಈ ಬೀಗಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಮಾಂಸಾಹಾರಿಗಳು ಸಣ್ಣಕ್ಕಿಯ ಬಿರಿಯಾನಿಯನ್ನೂ ಉಳಿದವರು ಸಿರುಮಲೆಯ ಬಾಳೆಹಣ್ಣನ್ನೂ ಬಿಡಬಾರದು. ಮಧುರೆ ರಸ್ತೆಯಲ್ಲಿರುವ ಚಿನ್ನಾಳಪಟ್ಟಿ ಸುಂಗುಡಿ ಸೀರೆಗಳ ನೇಕಾರರ ಊರು. ತಮಿಳುನಾಡಿನ ದೇವಾಂಗ ನೇಕಾರರಲ್ಲಿ ಕನ್ನಡ ಮನೆಮಾತಿನವರೂ ತೆಲುಗು ಮನೆಮಾತಿನವರೂ ಇದ್ದಾರೆ. ಅವರ ಕುಲದೇವಿ ಚೌಡೇಶ್ವರಿ. ಸೀರೆ ಕೊಳ್ಳುವಾಗ ಒಂದೆರಡು ಮಾತು ಕನ್ನಡದಲ್ಲಿ ಆಡಿ ನೋಡಿ. ಉತ್ತರ ಬಂದರೂ ಬರಬಹುದು.

ಹೋಗಲು ಜನವರಿ, ಫೆಬ್ರವರಿ ತಿಂಗಳು ಹಿತ. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದು ನಡೆಯಬಲ್ಲರಾದರೆ ಅವರನ್ನೂ ಕರೆದುಕೊಂಡು ಹೋಗಿ. ಕಂಬಂನ ಹಿರಿಯರೊಡನೆ ದನ, ಮಳೆ, ಬೇಸಾಯದ ಮಾತು ತೊಡಗಿದರೆ ನಮಗಿಂತ ಅವರಿಗೇ ಬೇಗ ಅರ್ಥವಾಗುತ್ತದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರು ಕೇಳಲಿ.