ಸೂಜಿಯಿಲ್ಲದ ಇನ್ಸುಲಿನ್: ಕೊಳ್ಳುವ ಮುನ್ನ ತಿಳಿದಿರಲಿ

ಇನ್ಸುಲಿನ್ ಆರಂಭಿಸೋಣ ಎಂದು ವೈದ್ಯರು ಹೇಳಿದಾಗ ಅನೇಕರು ಹೆದರುವುದು ಔಷಧಕ್ಕಲ್ಲ, ಸೂಜಿಗೆ. ಇನ್ನೊಂದು ಮಾತ್ರೆ ಹೆಚ್ಚಿಸಿ ಕೊಡಿ ಎನ್ನುತ್ತಾ ತಿಂಗಳುಗಟ್ಟಲೆ ಮುಂದೂಡುತ್ತಾರೆ. ಅಷ್ಟರಲ್ಲಿ ಕಣ್ಣು, ಮೂತ್ರಪಿಂಡಗಳಿಗೆ ಹಾನಿಯಾಗುತ್ತಿರುತ್ತದೆ. ಇಂಥ ಮನೆಗಳಲ್ಲೇ ‘ಸೂಜಿಯಿಲ್ಲದ ಇಂಜೆಕ್ಷನ್’ ಬಗ್ಗೆ ಕುತೂಹಲ ಹೆಚ್ಚು. ಗಲ್ಫ್‌ನಲ್ಲಿರುವ ಮಗನಿಂದ ತರಿಸಿಕೊಳ್ಳುವ ಯೋಚನೆಯೂ ಇರುತ್ತದೆ.

ಇದರ ಹೆಸರು ಜೆಟ್ ಇಂಜೆಕ್ಟರ್. ಒಳಗೆ ಬಿಗಿದ ಸ್ಪ್ರಿಂಗ್ ಅಥವಾ ಒತ್ತಡದಲ್ಲಿಟ್ಟ ಅನಿಲವಿರುತ್ತದೆ. ಚರ್ಮಕ್ಕೆ ಒತ್ತಿ ಹಿಡಿದು ಗುಂಡಿ ಅದುಮಿದರೆ, ಅತಿ ಸಣ್ಣ ರಂಧ್ರದಿಂದ ಇನ್ಸುಲಿನ್ ರಭಸವಾಗಿ ಚಿಮ್ಮಿ ಚರ್ಮವನ್ನು ದಾಟಿ ಕೆಳಗಿನ ಕೊಬ್ಬಿನ ಪದರದಲ್ಲಿ ಹರಡುತ್ತದೆ. ತಂತ್ರ ಹೊಸದಲ್ಲ. 2021ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಝೈಕೋವ್-ಡಿ ಕೋವಿಡ್ ಲಸಿಕೆಯನ್ನು ಕೊಟ್ಟಿದ್ದೂ ಸೂಜಿಯಿಲ್ಲದ ಸಾಧನದಿಂದಲೇ.

ನೋವೇ ಇಲ್ಲ ಎಂಬುದು ಮಾತ್ರ ಮಾರುವವರ ಮಾತು. ರಬ್ಬರ್ ಬ್ಯಾಂಡ್ ಬಡಿದಂತಾಗಬಹುದು, ನೀಲಿಗಟ್ಟಬಹುದು. ಸರಿಯಾಗಿ ಒತ್ತಿ ಹಿಡಿಯದಿದ್ದರೆ ಔಷಧದ ಒಂದು ಪಾಲು ಚರ್ಮದ ಮೇಲೆಯೇ ಉಳಿಯುತ್ತದೆ. ಇನ್ಸುಲಿನ್ ಅಗಲವಾಗಿ ಹರಡುವುದರಿಂದ ರಕ್ತಕ್ಕೆ ಬೇಗ ಸೇರುತ್ತದೆ. ಊಟ ತಡವಾದರೆ ಸಕ್ಕರೆ ತಟ್ಟನೆ ಇಳಿಯಬಹುದು. ಆದ್ದರಿಂದ ಬದಲಾಯಿಸುವ ದಿನಗಳಲ್ಲಿ ವೈದ್ಯರಿಗೆ ತಿಳಿಸಿ, ಗ್ಲೂಕೋಮೀಟರ್‌ನಲ್ಲಿ ಪದೇ ಪದೇ ನೋಡಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ಅಪಾಯ ಅಳತೆಯದು. ನಮ್ಮ ಮೆಡಿಕಲ್‌ಗಳಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಹೆಚ್ಚಿನವು ಯು-40, ಅಂದರೆ ಒಂದು ಎಂ.ಎಲ್.ನಲ್ಲಿ 40 ಯೂನಿಟ್. ಹೊರದೇಶಗಳಲ್ಲಿ ಸಾಮಾನ್ಯವಾಗಿರುವುದು ಯು-100. ಅಲ್ಲಿಂದ ಬಂದ ಸಾಧನಕ್ಕೆ ಇಲ್ಲಿನ ಯು-40 ತುಂಬಿ 20 ಯೂನಿಟ್‌ಗೆ ತಿರುಗಿಸಿದರೆ ದೇಹಕ್ಕೆ ಸೇರುವುದು 8 ಯೂನಿಟ್ ಮಾತ್ರ! ಅದೇ ಯು-100 ಬಾಟಲಿಯಿಂದ ಕೆಂಪು ಮುಚ್ಚಳದ ಯು-40 ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಅದು ಜೀವಕ್ಕೇ ಅಪಾಯ. ಬಾಟಲಿಯ ಮೇಲಿನ ಅಂಕೆ ಮತ್ತು ಸಾಧನದ ಮೇಲಿನ ಅಂಕೆ ಒಂದೇ ಆಗಿರಲೇಬೇಕು.

ಸೂಜಿಯಿಲ್ಲವೆಂದು ಮನೆಯವರೆಲ್ಲ ಒಂದನ್ನೇ ಬಳಸುವಂತಿಲ್ಲ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಂದು ಕ್ಲಿನಿಕ್‌ನಲ್ಲಿ ಹಲವರಿಗೆ ಒಂದೇ ಜೆಟ್ ಇಂಜೆಕ್ಟರ್ ಬಳಸಿದ್ದರಿಂದ ಹೆಪಟೈಟಿಸ್-ಬಿ ಹರಡಿತ್ತು.

ರಮಝಾನ್‌ನಲ್ಲಿ ಏನು ಎಂಬ ಪ್ರಶ್ನೆ ಸಹಜ. ಇನ್ಸುಲಿನ್ ಚುಚ್ಚಿಕೊಂಡರೆ ಉಪವಾಸ ಮುರಿಯುವುದಿಲ್ಲ ಎಂಬುದು ಹೆಚ್ಚಿನ ಉಲಮಾಗಳ ಅಭಿಪ್ರಾಯ. ಸೂಜಿಯಿಲ್ಲದೆ ಒಳಸೇರುವುದೂ ಅದೇ ಇನ್ಸುಲಿನ್, ಅದೇ ಜಾಗಕ್ಕೆ. ಆದರೆ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಇಫ್ತಾರ್‌ಗೆ ಅರ್ಧ ಗಂಟೆಯಷ್ಟೇ ಉಳಿದಿದ್ದರೂ ಉಪವಾಸ ಬಿಡಲೇಬೇಕು.

ಸಾಧನ ದುಬಾರಿ, ಅದರ ಬಿಡಿಭಾಗಗಳನ್ನೂ ಆಗಾಗ ಕೊಳ್ಳಬೇಕು. ಹೆದರಿಕೆ ಸೂಜಿಯದ್ದಷ್ಟೇ ಆಗಿದ್ದರೆ ಮೊದಲು ಇನ್ಸುಲಿನ್ ಪೆನ್ನಿನ 4 ಮಿಲಿಮೀಟರ್ ಸೂಜಿಯನ್ನು ಒಮ್ಮೆ ನೋಡಿ. ಫ್ರಿಜ್‌ನಿಂದ ತೆಗೆದ ಇನ್ಸುಲಿನ್‌ನ ತಣುಪು ಆರಿದ ಮೇಲೆ, ಪ್ರತಿ ಸಲ ಹೊಸ ಸೂಜಿ ಹಾಕಿ, ಜಾಗ ಬದಲಿಸುತ್ತಾ ಚುಚ್ಚಿಕೊಂಡರೆ ಹೆಚ್ಚಿನವರಿಗೆ ಅದು ಇರುವೆ ಕಚ್ಚಿದಷ್ಟೂ ನೋಯುವುದಿಲ್ಲ.