ಮುಳ್ಳು ಸುಳ್ಳು ಹೇಳ್ತಿದೆಯಾ?

ಹಳೇ ಕಾರಿನ ಟೆಂಪರೇಚರ್ ಮುಳ್ಳು ಮೇಲೇಳ್ತಾನೇ ಇಲ್ವಾ?
ಅಥವಾ ಕೀ ತಿರುಗಿಸಿದ ತಕ್ಷಣ ಕೆಂಪಿಗೆ ಹಾರುತ್ತಾ?
ತೊಂದರೆ ಎಂಜಿನ್‌ದಾ, ಮೀಟರ್‌ದಾ?

ಮೊದಲು ಕೂಲೆಂಟ್ ನೋಡಿ.
ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ
ರೇಡಿಯೇಟರ್ ಮುಚ್ಚಳ ತೆಗೆಯಿರಿ.
ಕೂಲೆಂಟ್ ತೀರಾ ಕಮ್ಮಿಯಾದ್ರೆ ಸೆನ್ಸರ್ ಗಾಳಿಯಲ್ಲಿ ನಿಲ್ಲುತ್ತೆ.
ಆಗ ಎಂಜಿನ್ ಕುದೀತಿದ್ರೂ
ಮುಳ್ಳು ಕೆಳಗೇ ಇರಬಹುದು!

ಕೂಲೆಂಟ್ ಸರಿ ಇದೆಯಾ?
ಈಗ ಸೆನ್ಸರ್.
ಕಾರ್ಬುರೇಟರ್ ಕಾಲದ ಮಾರುತಿ 800 ತಗೊಳ್ಳಿ.
ಮೀಟರ್‌ನಿಂದ ಸೆನ್ಸರ್‌ಗೆ ಒಂದೇ ವೈರ್.
ಸೆನ್ಸರ್ ಕೆಲಸ ಮಾಡೋದು ಕೆರೆಯ ತೂಬಿನ ಹಾಗೆ.
ಬಿಸಿ ಏರಿದಷ್ಟೂ ತೂಬು ತೆರೆಯುತ್ತೆ,
ಕರೆಂಟ್ ಜಾಸ್ತಿ ಹರಿಯುತ್ತೆ,
ಮುಳ್ಳು ಮೇಲೇರುತ್ತೆ.

ಮುಳ್ಳು ಏಳ್ತಿಲ್ಲ ಅಂದ್ರೆ,
ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ.
ಸೆನ್ಸರ್ ವೈರ್ ಬಿಚ್ಚಿ,
ಎಂಜಿನ್ನಿನ ಲೋಹಕ್ಕೆ ಒಂದು ಕ್ಷಣ ತಾಗಿಸಿ.
ಮುಳ್ಳು ಏರಿತಾ?
ಮೀಟರ್, ವೈರ್ ಎರಡೂ ಸರಿ.
ಸೆನ್ಸರ್ ಇಲ್ಲವೇ ಥರ್ಮೋಸ್ಟಾಟ್ ನೋಡಿ.
ಏರಲಿಲ್ವಾ?
ಫ್ಯೂಸ್, ವೈರ್, ಮೀಟರ್ ಚೆಕ್ ಮಾಡಿಸಿ.

ಎಂಜಿನ್ ತಣ್ಣಗಿದ್ರೂ ಮುಳ್ಳು ಕೆಂಪಲ್ಲಿದೆಯಾ?
ಅದೇ ವೈರ್ ಬಿಚ್ಚಿ.
ಮುಳ್ಳು ಇಳಿದ್ರೆ ಸೆನ್ಸರ್ ಕೆಟ್ಟಿದೆ.
ಇಳೀದಿದ್ರೆ ವೈರ್ ಎಲ್ಲೋ ಲೋಹಕ್ಕೆ ತಾಗ್ತಿದೆ,
ಇಲ್ಲಾಂದ್ರೆ ಮೀಟರೇ ಹೋಗಿದೆ.

ಪೆಟ್ರೋಲ್ ಮುಳ್ಳೂ ಜೊತೆಗೇ ತಪ್ಪು ತೋರಿಸ್ತಿದ್ರೆ,
ಎರಡಕ್ಕೂ ಬರೋ ಕರೆಂಟ್ ಮತ್ತು ಅರ್ಥಿಂಗ್ ಪರೀಕ್ಷಿಸಿ.

ಆದ್ರೆ ಓಡಿಸುವಾಗ ಮುಳ್ಳು ಕೆಂಪು ಮುಟ್ಟಿದ್ರೆ,
ಮೀಟರ್ ಮೇಲೆ ಅನುಮಾನ ಪಡ್ತಾ ಕೂರಬೇಡಿ.
ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ.
ಸೆನ್ಸರ್ ಬದಲಾಯಿಸೋದು ಸಣ್ಣ ಖರ್ಚು.
ಅತಿ ಬಿಸಿಗೆ ಹೆಡ್ ಗ್ಯಾಸ್ಕೆಟ್ ಹೋದ್ರೆ ಎಂಜಿನ್ನೇ ಬಿಚ್ಚಬೇಕು!